ಮೀನು ಸಿಗದಿದ್ದರೂ ಚಿಂತೆಯಿಲ್ಲ, ಹೋಡಿ ದಡಕ್ಕೆ ಬರಲಿ

ದೀಪಾವಳಿ ಸೂಟಿ ಬಂತೆಂದರೆ ಸೊಲ್ಲಾಪುರ, ಅಕ್ಕಲಕೋಟ, ಜತ್ತ ಕಡೆಯ ಗಾಡಿಗಳು ಮಿರಜ, ಕೊಲ್ಹಾಪುರ ದಾಟಿ ಘಟ್ಟ ಇಳಿಯತೊಡಗುತ್ತವೆ. ಮೊದಲೆಲ್ಲ ಪ್ರವಾಸ ಅಂದರೆ ಪಂಢರಪುರ, ತುಳಜಾಪುರ, ಗಾಣಗಾಪುರ ಅಷ್ಟೇ. ಈಗ ಮಕ್ಕಳು ಸಮುದ್ರ ತೋರಿಸು ಅಂತ ಹಟ ಹಿಡಿಯುತ್ತಾರೆ. ಮಾಲವಣ, ತಾರ್ಕರ್ಲಿ, ಗೋವಾ ಎಂಬ ಹೆಸರು ನಮ್ಮ ಹಳ್ಳಿಗಳ ಹುಡುಗರ ಬಾಯಲ್ಲೂ ಸಲೀಸಾಗಿ ಬರುತ್ತವೆ. ಬರಗಾಲದ ನೆಲದಲ್ಲಿ ಹುಟ್ಟಿದವರಿಗೆ ಅಷ್ಟೊಂದು ನೀರು ನೋಡುವುದೇ ಒಂದು ಹಬ್ಬ. ಅದರಲ್ಲಿ ತಪ್ಪೇನೂ ಇಲ್ಲ.

ದಡದಲ್ಲಿ ಕಾಲು ತೋಯಿಸಿಕೊಂಡು ಬರುವ ಕಾಲ ಮಾತ್ರ ಹೋಯಿತು. ಈಗ ಬೆಳಿಗ್ಗೆ ಆರಕ್ಕೆ ಹೋಡಿ ಹತ್ತಿ, ದಡ ಕಣ್ಣಿಗೆ ಗೆರೆಯಂತೆ ಕಾಣುವಷ್ಟು ದೂರ ಹೋಗಿ, ಗಾಳ ಹಾಕಿ ಮೀನು ಹಿಡಿಯುವ 'ಫಿಶಿಂಗ್ ಟ್ರಿಪ್' ಬಂದಿದೆ. ದಾರಿ ತೋರಿಸಲು ಒಬ್ಬ ತಾಂಡೇಲ, ಜೊತೆಗೆ ಒಬ್ಬಿಬ್ಬರು ಖಲಾಸಿಗಳು. ಗಾಳ, ರೀಲು, ಎರೆ ಎಲ್ಲ ಅವರದೇ. ರೊಕ್ಕ ಕೊಟ್ಟು ಕೂತರಾಯಿತು. ಮೀನು ಮುಟ್ಟದ ಮನೆಯವರೂ 'ನೋಡಿಕೊಂಡು ಬರೂಣು ನಡೀರಿ' ಅಂತ ಹತ್ತುತ್ತಾರೆ. ಮೀನು ತಿನ್ನುವವರಿಗೂ ತಿನ್ನದವರಿಗೂ ಹೋಡಿ ಒಂದೇ, ಅಪಾಯವೂ ಒಂದೇ. ಅದಕ್ಕಾಗಿಯೇ ಈ ಮಾತು ಎಲ್ಲರಿಗೂ ಸೇರಿಸಿ ಹೇಳಬೇಕಾಗಿದೆ.

ಹೇಳಬೇಕಾದ ಮಾತು ಇಷ್ಟೇ: ಸಮುದ್ರದ ಮೇಲೆ ತಾಂಡೇಲ 'ಇನ್ನು ಸಾಕು, ತಿರುಗೋಣ' ಅಂದಾಗ ತಿರುಗಬೇಕು. 'ಇವತ್ತು ಬೇಡ' ಅಂದಾಗ ದಡದಲ್ಲೇ ಉಳಿಯಬೇಕು. ನಾವು ಕೊಡುವ ರೊಕ್ಕ ಮೀನಿಗಲ್ಲ, ಅವನ ಈ ಮಾತಿಗೆ.

ನೀರು ಹೇಳಿ ಕೇಳಿ ಬರುವುದಿಲ್ಲ

ಸಮುದ್ರ ದೂರದ್ದು, ನಮಗ್ಯಾಕೆ ಆ ಚಿಂತೆ ಅನ್ನುವವರು ನಮ್ಮ ಭೀಮೆಯನ್ನೇ ನೆನಪಿಸಿಕೊಳ್ಳಲಿ. 2024ರ ಮೇ 21ರ ಸಂಜೆ ಉಜನಿ ಹಿನ್ನೀರಿನಲ್ಲಿ, ಕರಮಾಳಾ ತಾಲೂಕಿನ ಕುಗಾಂವದಿಂದ ಇಂದಾಪುರ ತಾಲೂಕಿನ ಕಳಾಶಿ ಕಡೆಗೆ ಹೊರಟ ದೋಣಿ ಬಿರುಗಾಳಿಗೆ ಸಿಕ್ಕು ಮುಳುಗಿತು. ಆರು ಜನ ಸತ್ತರು. ಅವರಲ್ಲಿ ಸಣ್ಣ ಮಕ್ಕಳೂ ಇದ್ದರು. ಅದು ಸಮುದ್ರವಲ್ಲ, ಅಣೆಕಟ್ಟಿನ ನೀರು. ಆ ದಂಡೆಯ ಜನ ದಿನನಿತ್ಯ ದಾಟುವ ದಾರಿ. ಗಾಳಿ ಎದ್ದಾಗ ಅದೇ ನೀರು ಗುರುತು ಹಿಡಿಯಲಿಲ್ಲ.

ಸಮುದ್ರದ ಲೆಕ್ಕವೂ ಕೈಯಲ್ಲಿದೆ. 2022ರ ಮೇ 24ರಂದು ತಾರ್ಕರ್ಲಿಯಲ್ಲಿ ಸ್ಕೂಬಾ ಮುಗಿಸಿ ಬರುತ್ತಿದ್ದ ಪ್ರವಾಸಿಗರ ಬೋಟು ಮಗುಚಿ ಇಬ್ಬರು ಸತ್ತರು. 2024ರ ಡಿಸೆಂಬರ್ 18ರಂದು ಮುಂಬಯಿಯಲ್ಲಿ ಎಲಿಫೆಂಟಾಕ್ಕೆ ಹೊರಟಿದ್ದ ಪ್ರಯಾಣಿಕರ ಬೋಟಿಗೆ ನೌಕಾಪಡೆಯ ವೇಗದ ದೋಣಿ ಬಡಿದು ಹತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅದಾಗಿ ಒಂದು ವಾರಕ್ಕೆ, ಡಿಸೆಂಬರ್ 25ರಂದು, ಗೋವಾದ ಕಲಂಗುಟದಲ್ಲಿ ಪ್ರವಾಸಿ ಬೋಟು ಮಗುಚಿತು. ಒಬ್ಬರು ಸತ್ತರು, ಇಪ್ಪತ್ತು ಜನರನ್ನು ಉಳಿಸಲಾಯಿತು. ಅಲ್ಲಿ ದಡ ದೂರವಿರಲಿಲ್ಲ, ಜೀವರಕ್ಷಕರು ಹತ್ತಿರವೇ ಇದ್ದರು. ಗಾಳ ಹಾಕಲು ಹೋಗುವ ಹೋಡಿ ಅದಕ್ಕಿಂತ ಎಷ್ಟೋ ದೂರ ಹೋಗುತ್ತದೆ. ಅಲ್ಲಿ ನಿಂತು ಕೂಗಿದರೆ ಕೇಳಿಸಿಕೊಳ್ಳುವವರಿಲ್ಲ, ಮೊಬೈಲಿಗೆ ರೇಂಜೂ ಸಿಗಲಿಕ್ಕಿಲ್ಲ.

'ನಾನು ಬಾವ್ಯಾಗ ಈಸು ಕಲ್ತಾಂವ, ನನಗೇನಾಗ್ತದ' ಅನ್ನುವ ತರುಣರು ನಮ್ಮಲ್ಲಿ ಬಹಳ. ಬಾವಿಗೆ ನಾಲ್ಕು ಗೋಡೆ, ಒಂದು ಮೆಟ್ಟಿಲು ಇರುತ್ತದೆ. ಸಮುದ್ರದಲ್ಲಿ ಸೆಳೆತ ಇರುತ್ತದೆ. ಉಪ್ಪು ನೀರು ದೇಹವನ್ನು ಸ್ವಲ್ಪ ಹೆಚ್ಚು ತೇಲಿಸುವುದು ನಿಜ. ತೆರೆ ಮುಖಕ್ಕೆ ಬಡಿಯುತ್ತಿದ್ದರೆ ಎಂಥ ಈಸುಗಾರನೂ ಹೆಚ್ಚು ಹೊತ್ತು ನಿಲ್ಲಲಾರ. ಒಂದು ನಾಟಿಕಲ್ ಮೈಲು ಅಂದರೆ 1.852 ಕಿಲೋಮೀಟರ್. ಐದು ನಾಟಿಕಲ್ ಮೈಲು ಒಳಗೆ ಹೋದರೆ ದಡ ಒಂಬತ್ತು ಕಿಲೋಮೀಟರಿಗಿಂತ ಹೆಚ್ಚು ದೂರ ಉಳಿಯುತ್ತದೆ. ಅಷ್ಟು ಈಸುವ ಮಾತು ಬೇಡ. ಅಲ್ಲಿ ಕಾಯುವುದು ಮೈಮೇಲಿನ ಲೈಫ್ ಜಾಕೆಟ್ ಒಂದೇ.

ಹೋಡಿ ಮಗುಚುವುದು ಹೇಗೆ

ಹೋಡಿ ಮಗುಚುವುದು ಬಿರುಗಾಳಿಗೆ ಮಾತ್ರ ಅನ್ನುವ ಕಲ್ಪನೆ ತಪ್ಪು. ಗಾಳ ಹಾಕುವ ಹೋಡಿಗೆ ಇನ್ನೊಂದು ಅಪಾಯ ಒಳಗಿನಿಂದಲೇ ಇರುತ್ತದೆ. ಒಬ್ಬನ ಗಾಳಕ್ಕೆ ದೊಡ್ಡ ಮೀನು ಸಿಕ್ಕಿತು ಅನ್ನಿ. ಕೋಲು ಬಿಲ್ಲಿನಂತೆ ಬಾಗುತ್ತದೆ, ರೀಲು ಕಿರ್ರ್ ಅನ್ನುತ್ತದೆ. ಕೂಡಲೇ ಎಲ್ಲರೂ ಎದ್ದು ಆ ಬದಿಗೆ ಓಡುತ್ತಾರೆ. ಒಬ್ಬರ ಕೈಯಲ್ಲಿ ಮೊಬೈಲು, ಇನ್ನೊಬ್ಬರ ಕಂಕುಳಲ್ಲಿ ಮಗು. ಎಂಟು ಹತ್ತು ಜನರ ಭಾರ ಒಂದೇ ಬದಿಗೆ ಬೀಳುತ್ತದೆ. ಅದೇ ಹೊತ್ತಿಗೆ ಇನ್ನೊಂದು ಬದಿಯಿಂದ ತೆರೆ ಎತ್ತಿದರೆ ಹೋಡಿ ವಾಲಿ ನೀರು ಒಳಗೆ ಬರುತ್ತದೆ. ಡಾಲ್ಫಿನ್ ಕಂಡಾಗ ಆಗುವುದೂ ಇದೇ. ಮೀನು ಸಿಕ್ಕಾಗ ಕೂತಲ್ಲೇ ಕೂರುವುದು ಮೊದಲ ಶಿಸ್ತು. ಮೀನು ಎಳೆಯುವವನ ಹತ್ತಿರ ಖಲಾಸಿ ಒಬ್ಬ ಇದ್ದರೆ ಸಾಕು. ಫೋಟೋ ಆಮೇಲೆ ತೆಗೆಯಬಹುದು.

ಎರಡನೇ ಅಪಾಯ ಲೈಫ್ ಜಾಕೆಟ್ ಬಿಚ್ಚಿಡುವುದು. ಹತ್ತುವಾಗ ಎಲ್ಲರೂ ಹಾಕಿಕೊಳ್ಳುತ್ತಾರೆ. ಅರ್ಧ ತಾಸಿಗೆ ಬಿಸಿಲು ಏರುತ್ತದೆ, ಸೆಕೆಯಾಗುತ್ತದೆ, ಗಾಳ ಬೀಸಲು ತೋಳು ಆಡುವುದಿಲ್ಲ. ಬಿಚ್ಚಿ ತಲೆದಿಂಬು ಮಾಡಿಕೊಳ್ಳುತ್ತಾರೆ. ತಲೆದಿಂಬಾದ ಜಾಕೆಟ್ ಹೋಡಿ ಮಗುಚಿದಾಗ ಹುಡುಕಿದರೂ ಸಿಗುವುದಿಲ್ಲ. ಹಾಕಿಕೊಂಡ ಮೇಲೆ ಭುಜದ ಪಟ್ಟಿ ಹಿಡಿದು ಮೇಲೆತ್ತಿ ನೋಡಿ. ಜಾಕೆಟ್ ಗದ್ದ, ಕಿವಿಯ ತನಕ ಬಂದರೆ ಅದು ಸಡಿಲ ಅಂತ ಅರ್ಥ. ಸಣ್ಣ ಮಕ್ಕಳಿಗೆ ದೊಡ್ಡವರ ಜಾಕೆಟ್ ತೊಡಿಸಿದರೆ ಮಗು ಕೆಳಗೆ ಜಾರಿಹೋಗುತ್ತದೆ, ಜಾಕೆಟ್ ಮಾತ್ರ ತೇಲುತ್ತದೆ. ಮಗುವಿನ ಅಳತೆಯದು ಇಲ್ಲದಿದ್ದರೆ ಆ ಮಗುವನ್ನು ಹೋಡಿ ಹತ್ತಿಸಬಾರದು. ಮಗು ಅತ್ತರೆ ಅಳಲಿ.

ಮೂರನೆಯದು ಬಾಟಲಿ. ಸ್ಪಷ್ಟವಾಗಿ ಬರೆಯುವುದೇ ಒಳ್ಳೆಯದು. ನಮ್ಮ ಕಡೆಯ ಕೆಲವು ಗುಂಪುಗಳು ಗಾಳಕ್ಕಿಂತ ಮೊದಲು ಬಾಟಲಿ ಹೊರಗೆ ತೆಗೆಯುತ್ತವೆ. ಬಿಸಿಲು, ಉಪ್ಪು ಗಾಳಿ, ತೂಗಾಡುವ ಹೋಡಿ, ಚೂಪಾದ ಕೊಕ್ಕೆ, ಇದರ ಮೇಲೆ ಕುಡಿತ. ದಡಕ್ಕೆ ಬಂದ ಮೇಲೆ ಏನು ಬೇಕೋ ಮಾಡಿ, ಹೋಡಿಯಲ್ಲಿ ಬೇಡ.

ತಾಂಡೇಲನ ಕಷ್ಟ

ಹೋಡಿ ನಡೆಸುವವ ಸಾಮಾನ್ಯವಾಗಿ ಮೀನುಗಾರರ ಮನೆಯವನು. ಅಪ್ಪ ಅಜ್ಜನಿಂದ ಬಂದ ವಿದ್ಯೆ. ಎಲ್ಲಿ ಬಂಡೆ ಇದೆ, ಯಾವ ತಿಂಗಳು ಸುರಮಾಯಿ ದಡದ ಹತ್ತಿರ ಬರುತ್ತದೆ, ಎಲ್ಲಿ ಲಂಗರು ಹಾಕಿದರೆ ತಾಂಬೋಸಾ ಸಿಗುತ್ತದೆ ಎಂಬುದು ಅವನಿಗೆ ಬಾಯಿಪಾಠ. ಲಂಗರು ಹಾಕಿ, ಸೀಸದ ಗುಂಡು ಕಟ್ಟಿ, ಸಿಗಡಿ ಅಥವಾ ಮಾಕುಳದ ತುಂಡು ಸಿಕ್ಕಿಸಿ ತಳಕ್ಕೆ ಇಳಿಸುವುದು ಒಂದು ಬಗೆ. ಹೋಡಿ ನಿಧಾನವಾಗಿ ಓಡುತ್ತಿರುವಾಗ ಹಿಂದೆ ಹೊಳೆಯುವ ಹುಸಿ ಮೀನನ್ನು ಎಳೆದುಕೊಂಡು ಹೋಗುವುದು ಇನ್ನೊಂದು. ಸುರಮಾಯಿಯ ಹಲ್ಲು ನೈಲಾನ್ ದಾರ ಕತ್ತರಿಸುತ್ತದೆಂದು ಕೊಕ್ಕೆಯ ಹತ್ತಿರ ತಂತಿ ಕಟ್ಟುತ್ತಾರೆ. ಇದೆಲ್ಲ ನೋಡಿ ಕಲಿಯುವಂಥದ್ದು, ಮಕ್ಕಳಿಗೂ ಖುಷಿ ಕೊಡುವಂಥದ್ದು.

ಆದರೆ ಅವನ ಹೊಟ್ಟೆಪಾಡೂ ಅಷ್ಟೇ ಬಿಗಿಯಾಗಿದೆ. ದೊಡ್ಡ ಟ್ರಾಲರ್, ಪರ್ಸೀನ್ ಬಲೆಗಳ ಎದುರು ಸಣ್ಣ ಹೋಡಿಯವರ ಬಲೆ ಬರಿದಾಗುತ್ತಿದೆ ಎಂದು ಸಿಂಧುದುರ್ಗದ ಸಾಂಪ್ರದಾಯಿಕ ಮೀನುಗಾರರು ವರ್ಷಗಳಿಂದ ಬೀದಿಗಿಳಿದು ಹೇಳುತ್ತಿದ್ದಾರೆ. ಎಲ್‌ಇಡಿ ದೀಪ ಹಾಕಿ ಮೀನು ಸೆಳೆಯುವುದನ್ನು ಕೇಂದ್ರ ಸರಕಾರ 2017ರಲ್ಲೇ ನಿಷೇಧಿಸಿದೆ. ಮಳೆಗಾಲ ಬಿಟ್ಟು ಉಳಿದ ಎಂಟು ತಿಂಗಳಲ್ಲಿ ಪ್ರವಾಸಿಗರಿಂದ ಬರುವ ರೊಕ್ಕ ಅವನಿಗೆ ದೊಡ್ಡ ಆಸರೆ.

ಅಪಾಯದ ಮೂಲ ಇಲ್ಲೇ ಇದೆ. ಬೆಳಿಗ್ಗೆ ಗಾಳಿಯ ದಿಕ್ಕು ನೋಡಿದಾಗ ಅವನ ಮನಸ್ಸು ಬೇಡ ಅನ್ನುತ್ತದೆ. ಎದುರಿಗೆ ಹನ್ನೆರಡು ತಾಸು ಗಾಡಿಯಲ್ಲಿ ಕೂತು ಬಂದ ಗುಂಪು ನಿಂತಿದೆ. 'ನಾಳೆ ನಮ್ಮ ಸೂಟಿ ಮುಗೀತದ, ಇವತ್ತೇ ಆಗಬೇಕು', 'ರೊಕ್ಕ ಕೊಟ್ಟೀವಿ, ಇನ್ನೊಂದು ತಾಸು ಒಳಗ ಹೋಗ್ರಿ', 'ಒಂದೂ ಮೀನು ಸಿಕ್ಕಿಲ್ಲ, ಪೈಸೆ ಯಾಕ ಕೊಡೂಣು' ಎಂಬ ಮಾತು ಶುರುವಾಗುತ್ತವೆ. ಅವನು ಇಲ್ಲ ಅಂದರೆ ಪಕ್ಕದ ಹೋಡಿಯವ ಹೂಂ ಅನ್ನುತ್ತಾನೆ ಎಂಬ ಭಯ. ಕೊನೆಗೆ ಅವನೂ ಹೂಂ ಅಂದುಬಿಡುತ್ತಾನೆ. ದುರಂತವಾದ ಮೇಲೆ ಎಲ್ಲ ತಪ್ಪು ಅವನದೇ ಆಗುತ್ತದೆ. ತಪ್ಪಿನಲ್ಲಿ ಅವನ ಪಾಲು ಇದ್ದೇ ಇರುತ್ತದೆ. ಒತ್ತಾಯ ಮಾಡಿದವರ ಪಾಲನ್ನು ಮಾತ್ರ ಯಾರೂ ಬರೆದಿಡುವುದಿಲ್ಲ.

ಆದ್ದರಿಂದ ಮಾತುಕತೆ ದಡದಲ್ಲೇ ಮುಗಿಯಬೇಕು. 'ಹವಾ ಸರಿ ಇಲ್ಲ ಅಂತ ನೀವು ನಡುವೆ ತಿರುಗಿದರೂ ನಾವು ಮಾತಾಡಿದ ರೊಕ್ಕ ಕೊಡ್ತೀವಿ. ಹೊರಡೋದೇ ಬೇಡ ಅಂದರೆ ಇನ್ನೊಂದು ದಿನ ಬರ್ತೀವಿ.' ಈ ಎರಡು ವಾಕ್ಯ ಮೊದಲೇ ಹೇಳಿಬಿಟ್ಟರೆ ಅವನ ತಲೆಯ ಮೇಲಿನ ಭಾರ ಇಳಿಯುತ್ತದೆ. ಅವನು ನಮ್ಮ ಮುಖ ನೋಡುವುದು ಬಿಟ್ಟು ಆಕಾಶ ನೋಡುತ್ತಾನೆ. ಊರಲ್ಲಿ ದುಡ್ಡೇ ದೊಡ್ಡಪ್ಪ ಇರಬಹುದು, ಸಮುದ್ರದ ಮೇಲೆ ತಾಂಡೇಲನೇ ದೊಡ್ಡಪ್ಪ.

ಹತ್ತುವ ಮುಂಚೆ ಕೇಳಬೇಕಾದದ್ದು

ನಮ್ಮ ಜನ ಸಂತೆಯಲ್ಲಿ ಎರಡು ರೂಪಾಯಿ ಬದನೆಕಾಯಿಗೆ ಹತ್ತು ಪ್ರಶ್ನೆ ಕೇಳುತ್ತಾರೆ, ಹೋಡಿ ಹತ್ತುವಾಗ ಬಾಯಿ ಮುಚ್ಚುತ್ತಾರೆ. ಅಂಜುಬುರುಕ ಅಂದಾರು ಎಂಬ ಸಂಕೋಚ. ಕೇಳುವುದರಲ್ಲಿ ನಾಚಿಕೆ ಬೇಡ.

ಮೊದಲನೆಯದು ಪರವಾನಗಿ. ಪ್ರವಾಸಿಗರನ್ನು ಕೂಡಿಸಿಕೊಳ್ಳುವ ಬೋಟುಗಳಿಗೆ ಮಹಾರಾಷ್ಟ್ರದಲ್ಲಿ ಮೇರಿಟೈಮ್ ಬೋರ್ಡು, ಗೋವಾದಲ್ಲಿ ಕ್ಯಾಪ್ಟನ್ ಆಫ್ ಪೋರ್ಟ್ಸ್ ಇಲಾಖೆ ಪರವಾನಗಿ ಕೊಡುತ್ತವೆ. ಮೀನು ಹಿಡಿಯಲು ನೋಂದಣಿಯಾದ ದೋಣಿ ಬೇರೆ, ಪ್ರವಾಸಿಗರನ್ನು ಒಯ್ಯುವ ಬೋಟು ಬೇರೆ. ಎಷ್ಟು ಜನರಿಗೆ ಪರವಾನಗಿ ಇದೆ ಕೇಳಿ. ಅದರ ಮೇಲೆ ಒಬ್ಬರು ಹೆಚ್ಚಾದರೂ, 'ಸಣ್ಣ ಹುಡುಗ, ಲೆಕ್ಕಕ್ಕಿಲ್ಲ' ಅಂದರೂ, ಆ ಹೋಡಿ ಬಿಡಿ.

ಎರಡನೆಯದು ಹವಾಮಾನ. ಹವಾಮಾನ ಇಲಾಖೆ ಮೀನುಗಾರರಿಗೆ ಎಚ್ಚರಿಕೆ ಕೊಡುತ್ತದೆ. ಹೈದರಾಬಾದಿನ ಇನ್ಕಾಯಿಸ್ ಸಂಸ್ಥೆ ಅಲೆಗಳ ಎತ್ತರ, ಗಾಳಿಯ ವೇಗದ ಮುನ್ಸೂಚನೆ ಕೊಡುತ್ತದೆ. ಮೀನುಗಾರರು ಕಡಲಿಗಿಳಿಯಬಾರದು ಎಂದು ಹೇಳಿದ ದಿನ ಪ್ರವಾಸಿಗರಿಗೆ ಬೇರೆ ಸಮುದ್ರ ಇರುವುದಿಲ್ಲ. ಮಳೆಗಾಲ ಮುಗಿಯಿತೆಂದು ನಿಶ್ಚಿಂತೆಯೂ ಬೇಡ. ಫಯಾನ್ ಚಂಡಮಾರುತ ಕೊಂಕಣಕ್ಕೆ ಅಪ್ಪಳಿಸಿದ್ದು 2009ರ ನವೆಂಬರಿನಲ್ಲಿ, ಅಂದರೆ ನಮ್ಮ ದೀಪಾವಳಿ ಪ್ರವಾಸದ ಕಾಲದಲ್ಲೇ. ಒಖಿ ಬಂದದ್ದು 2017ರ ನವೆಂಬರ್ ಕೊನೆಗೆ. ಸಾಮಾನ್ಯ ದಿನಗಳಲ್ಲೂ ಬೆಳಿಗ್ಗೆ ಶಾಂತವಾಗಿರುವ ಸಮುದ್ರ ಮಧ್ಯಾಹ್ನದ ಗಾಳಿಗೆ ಒರಟಾಗುತ್ತದೆ. ನಸುಕಿನಲ್ಲಿ ಹೊರಟು ಮಧ್ಯಾಹ್ನದೊಳಗೆ ತಿರುಗುವ ಪದ್ಧತಿ ಸುಮ್ಮನೆ ಬಂದಿಲ್ಲ.

ಮೂರನೆಯದು ಸಂಪರ್ಕ. ಹೋಡಿಯಲ್ಲಿ ವಿಎಚ್‌ಎಫ್ ವೈರ್‌ಲೆಸ್ ಇದೆಯೇ? ಅದರ 16ನೇ ಚಾನೆಲ್ ಸಂಕಟದ ಕರೆಗೆ ಮೀಸಲು. ಮೊಬೈಲ್ ಸಿಗುವಲ್ಲಿ ಕರಾವಳಿ ಕಾವಲು ಪಡೆಯ 1554, ಇಲ್ಲವೇ 112ಕ್ಕೆ ಕರೆ ಮಾಡಬಹುದು. ದಡದಲ್ಲಿ ಉಳಿದ ಒಬ್ಬರಿಗೆ, ಇಲ್ಲವೇ ಲಾಡ್ಜಿನವರಿಗೆ, ಹೋಡಿಯ ಹೆಸರು, ಎಷ್ಟು ಜನ, ಎಷ್ಟು ಗಂಟೆಗೆ ವಾಪಸ್ ಎಂಬುದನ್ನು ಬರೆದು ಕೊಟ್ಟು ಹೋಗಿ. ಒಂದು ಚೀಟಿಯ ಕೆಲಸ.

ಉಳಿದವು ಸಣ್ಣವಾದರೂ ಬೇಕಾದವು. ಗಾಳ ಬೀಸುವ ಮುಂಚೆ ಹಿಂದೆ ಯಾರಿದ್ದಾರೆ ನೋಡಬೇಕು, ಕೊಕ್ಕೆ ಕಣ್ಣಿಗೆ ತಾಗಿದರೆ ಜನ್ಮದ ನೋವು. ಗುರುತಿಲ್ಲದ ಮೀನನ್ನು ಬರಿಗೈಯಲ್ಲಿ ಮುಟ್ಟಬಾರದು. ಶಿಂಗಾಳಾ ಮೀನಿನ ಮುಳ್ಳು, ಪಾಕಟದ ಬಾಲದ ಮುಳ್ಳು ಎರಡೂ ವಿಷದವು. ಚುಚ್ಚಿದರೆ ಚರ್ಮ ಸುಡದಂತೆ, ತಡೆದುಕೊಳ್ಳುವಷ್ಟು ಬಿಸಿಯಾದ ನೀರಿನಲ್ಲಿ ಆ ಭಾಗ ಮುಳುಗಿಸಿ ದವಾಖಾನೆಗೆ ಹೋಗಬೇಕು. ಹೊಟ್ಟೆ ಉಬ್ಬಿಸಿಕೊಳ್ಳುವ ಮೀನು ಸಿಕ್ಕರೆ ಅಡಿಗೆಗೆ ಒಯ್ಯಬೇಡಿ, ಅದರ ವಿಷ ಕುದಿಸಿದರೂ ಹೋಗುವುದಿಲ್ಲ. ವಾಂತಿ ಬರುವ ಸ್ವಭಾವದವರು ಡಾಕ್ಟರನ್ನು ಕೇಳಿ ಮೊದಲೇ ಗುಳಿಗೆ ತಗೊಳ್ಳಲಿ, ಹೋಡಿಯ ನಡುವೆ ಕೂತು ದೂರದ ಗೆರೆ ನೋಡಲಿ. ವಾಂತಿಗೆಂದು ಅಂಚಿಗೆ ಬಾಗುವಾಗ ಒಬ್ಬರು ಹಿಡಿದುಕೊಂಡಿರಬೇಕು.

ಅಜ್ಜಿಗೆ ತಿಳಿಯುವ ಮಾತಿನಲ್ಲಿ

ಇನ್ನೊಂದು ವಿಷಯ ನಮ್ಮ ಮನೆಗಳಿಗೆ ಸಂಬಂಧಿಸಿದ್ದು. ಹೊರಡುವ ಮುಂಚೆ ತಾಂಡೇಲ ನಾಲ್ಕು ಸೂಚನೆ ಹೇಳುತ್ತಾನೆ. ಹೇಳುವುದು ಮಾಲವಣಿ ಮರಾಠಿಯಲ್ಲಿ, ಗೋವಾದಲ್ಲಾದರೆ ಕೊಂಕಣಿಯಲ್ಲೋ ಹಿಂದಿಯಲ್ಲೋ. ನಮ್ಮ ಹುಡುಗರಿಗೆ ಮರಾಠಿ ನೀರು ಕುಡಿದಷ್ಟು ಸಲೀಸು. ಜೊತೆಗೆ ಬಂದ ಅಜ್ಜಿ, ಅತ್ತಿ, ಹಳ್ಳಿಯಿಂದ ಹೊಸದಾಗಿ ಬಂದ ಸೊಸೆಗೆ ಕನ್ನಡ ಬಿಟ್ಟರೆ ಬೇರೆ ತಿಳಿಯದು. ಅವರು ತಲೆ ಅಲ್ಲಾಡಿಸುತ್ತಾರೆ, ತಿಳಿಯಿತೆಂದು ನಾವು ತಿಳಿಯುತ್ತೇವೆ. ಹೋಡಿ ವಾಲಿದಾಗ 'ಖಾಲೀ ಬಸಾ' ಅಂದರೆ ಕೆಳಗೆ ಕೂತುಕೊಳ್ಳಿ ಎಂಬ ಅರ್ಥ ಅವರಿಗೆ ಹೊಳೆಯಬೇಕಲ್ಲ? ಗಾಬರಿಯಲ್ಲಿ ಎದ್ದು ನಿಲ್ಲುವವರು ಅವರೇ. ಎರಡೂ ಭಾಷೆ ಬಲ್ಲ ಮಗ, ಮೊಮ್ಮಗ ಆ ನಾಲ್ಕು ಮಾತನ್ನು ಅಲ್ಲೇ ನಿಂತು ಕನ್ನಡದಲ್ಲಿ ಹೇಳಬೇಕು, ಬಕಲ್ ಹಾಕಿ ತೋರಿಸಬೇಕು. ಎರಡು ನಿಮಿಷದ ಕೆಲಸ. ಇಂಥ ಹೊತ್ತಿಗೆ ಉಪಯೋಗಕ್ಕೆ ಬರದಿದ್ದರೆ ಎರಡು ಭಾಷೆ ಕಲಿತು ಏನು ಬಂತು?

ಸರಕಾರಗಳ ಹೊಣೆಯೂ ಇದೆ. ಜೆಟ್ಟಿಯಲ್ಲಿ ಹೋಡಿಯ ಪರವಾನಗಿ, ಜನಸಂಖ್ಯೆಯ ಮಿತಿ, ಆ ದಿನದ ಹವಾಮಾನ ದೊಡ್ಡ ಅಕ್ಷರದಲ್ಲಿ ಕಾಣುವಂತಿರಬೇಕು. ಮಾಲವಣ, ಗೋವಾಕ್ಕೆ ಕನ್ನಡ ಮಾತಾಡುವ ಕುಟುಂಬಗಳು ಬರುವುದು ಎಲ್ಲರಿಗೂ ಗೊತ್ತಿದ್ದದ್ದೇ. ಸುರಕ್ಷತೆಯ ಫಲಕದಲ್ಲಿ ಕನ್ನಡದ ನಾಲ್ಕು ಸಾಲು ಸೇರಿಸಿದರೆ ಯಾರ ಗಂಟೂ ಹೋಗುವುದಿಲ್ಲ. ಇಲ್ಲಿ ಭಾಷಾಭಿಮಾನದ ಮಾತಿಲ್ಲ, ಜೀವದ ಮಾತು. ದುರಂತವಾದ ವಾರ ತಪಾಸಣೆ, ಮುಂದಿನ ವಾರ ಮರೆವು ಎಂಬ ರೂಢಿ ನಿಲ್ಲಬೇಕು. ಸೂಟಿಯ ದಿನಗಳಲ್ಲಿ ಜೆಟ್ಟಿಯಲ್ಲಿ ನಿಂತು ತಲೆ ಎಣಿಸುವ ಒಬ್ಬ ಸಿಬ್ಬಂದಿ ಸಾಕು, ಕಚೇರಿಯ ಕಡತಕ್ಕಿಂತ ಹೆಚ್ಚು ಕೆಲಸ ಆಗುತ್ತದೆ.

ಸಮುದ್ರಕ್ಕೂ ಬಿಡುವು ಬೇಕು

ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಕೇಂದ್ರ ಸರಕಾರದ 61 ದಿನಗಳ ನಿಷೇಧ ಇರುತ್ತದೆ. ಮೀನು ಮರಿ ಹಾಕುವ ಕಾಲವೂ ಅದೇ, ಸಮುದ್ರ ಕೆರಳುವ ಕಾಲವೂ ಅದೇ. ಆ ದಿನಗಳಲ್ಲಿ 'ಗುಟ್ಟಾಗಿ ಒಯ್ತೀನಿ' ಅನ್ನುವವನ ಹೋಡಿ ಹತ್ತುವುದು ಕಾನೂನಿಗೂ ಜೀವಕ್ಕೂ ಮೋಸ. ಶ್ರಾವಣದ ಹುಣ್ಣಿಮೆ ನಮಗೆ ನೂಲ ಹುಣ್ಣಿಮೆ, ಕೊಂಕಣದ ಕೋಳಿ ಸಮಾಜಕ್ಕೆ ನಾರಳಿ ಪೌರ್ಣಿಮಾ. ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿ ಹೋಡಿ ಇಳಿಸುವುದು ಅವರ ಪದ್ಧತಿ. ಉಪ್ಪು ನೀರಿನ ಪಕ್ಕದಲ್ಲೇ ಹುಟ್ಟಿ ಬೆಳೆದವರು ಅದರ ಅಪ್ಪಣೆ ಕೇಳಿ ಹೋಗುತ್ತಾರೆ. ವರ್ಷಕ್ಕೊಮ್ಮೆ ಬರುವ ನಾವು ಸ್ವಲ್ಪ ತಗ್ಗಿ ನಡೆದರೆ ಏನೂ ಕಡಿಮೆಯಾಗುವುದಿಲ್ಲ.

ಹಿಡಿದ ಮೀನಿನ ವಿಷಯದಲ್ಲೂ ಅಷ್ಟೇ. 2023ರಲ್ಲಿ ಮಹಾರಾಷ್ಟ್ರ ಸರಕಾರ 54 ಜಾತಿಯ ಮೀನುಗಳಿಗೆ ಹಿಡಿಯಬಹುದಾದ ಕನಿಷ್ಠ ಅಳತೆ ಗೊತ್ತುಮಾಡಿದೆ. ಮರಿ ಮೀನು ಸಿಕ್ಕರೆ ಕೈ ಒದ್ದೆ ಮಾಡಿಕೊಂಡು ಕೊಕ್ಕೆ ಬಿಡಿಸಿ ನೀರಿಗೆ ಬಿಡಬೇಕು. ಒಣ ಕೈಯಲ್ಲಿ ಹಿಡಿದರೆ ಅದರ ಮೈಮೇಲಿನ ಲೋಳೆ ಹೋಗಿ, ಬಿಟ್ಟರೂ ಬದುಕುವುದು ಕಷ್ಟ. ಕಡಲಾಮೆ, ತಿಮಿಂಗಿಲ ಶಾರ್ಕ್ ವನ್ಯಜೀವಿ ಕಾಯ್ದೆಯಡಿ ಹುಲಿಯಷ್ಟೇ ರಕ್ಷಣೆ ಪಡೆದ ಪ್ರಾಣಿಗಳು. ತುಂಡಾದ ನೈಲಾನ್ ದಾರ, ನೀರಿನ ಬಾಟಲಿ, ಕುರಕುರೆ ಪಾಕೀಟು ವಾಪಸ್ ತರಬೇಕು. ಅಲ್ಲಿ ಎಸೆದ ದಾರಕ್ಕೆ ಆಮೆಯ ಕುತ್ತಿಗೆ ಸಿಗುತ್ತದೆ, ಆ ತಾಂಡೇಲನ ಹೋಡಿಯ ಪಂಖೆಯೂ ಸಿಗುತ್ತದೆ.

ಸಮುದ್ರಕ್ಕೆ ಹೋಗಬೇಡಿ ಎಂದು ನಾವು ಹೇಳುತ್ತಿಲ್ಲ. ಹೋಗಿ, ಮಕ್ಕಳಿಗೆ ತೋರಿಸಿ, ಗಾಳ ಹಿಡಿಸಿ. ಮೀನು ಸಿಕ್ಕರೆ ಸಂತೋಷ. ಸಿಗದಿದ್ದರೆ ಮಾಲವಣದ ಖಾನಾವಳಿಯಲ್ಲಿ ಸುರಮಾಯಿ ತಾಟು ಸಿಗುತ್ತದೆ, ತಿನ್ನದವರಿಗೆ ಸೋಲಕಡಿ ಅನ್ನ ಇದ್ದೇ ಇದೆ. ಮುಂದಿನ ಸೂಟಿಗೂ ಸಮುದ್ರ ಅಲ್ಲೇ ಇರುತ್ತದೆ. ಕೆಟ್ಟ ಮೇಲೆ ಬುದ್ಧಿ ಬಂದರೆ ಯಾರಿಗೂ ಲಾಭವಿಲ್ಲ. ಈ ಸಲ ಗಾಡಿ ಬುಕ್ ಮಾಡುವ ಮೊದಲು ಮನೆಮಂದಿಯೆಲ್ಲ ಕೂತು ಒಂದು ನಿರ್ಧಾರ ಮಾಡಿಕೊಳ್ಳಲಿ: ಜಾಕೆಟ್ ಬಿಚ್ಚುವುದಿಲ್ಲ, ತಾಂಡೇಲ ತಿರುಗು ಅಂದರೆ ಎದುರು ಮಾತಾಡುವುದಿಲ್ಲ, ಮಾತಾಡಿದ ರೊಕ್ಕ ಕಡಿಯುವುದಿಲ್ಲ.